ಮನವಿಯ ಬರಹದಲ್ಲಿ ಪ್ರತಿಜ್ಞೆಯೂ ಹೇತುವೂ

ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚಲು ಭಾರತೀಯ ಉಕ್ಕು ಪ್ರಾಧಿಕಾರವು 2023ರ ಜನವರಿಯಲ್ಲಿ ನಿರ್ಧರಿಸಿದಾಗ ಕಾರ್ಮಿಕರು ಹೋರಾಟಕ್ಕಿಳಿದರು. ಓಲ್ಡ್ ಟೌನಿನ ಅನೇಕ ಮನೆಗಳಲ್ಲಿ ಅನ್ನ ಬೆಂದದ್ದು ಆ ದುಡಿಮೆಯಿಂದ. ಅವರ ಪರವಾದ ಬರಹವನ್ನು ತೂಗಿನೋಡುವುದೇ ನಿರ್ದಯವೆಂದು ನಮಗೆ ತೋರಬಹುದು. ಆದರೂ ತೂಗೋಣ.

‘1923ರಲ್ಲಿ ಉತ್ಪಾದನೆ ಆರಂಭಿಸಿದ, ಸರ್ ಎಂ. ವಿಶ್ವೇಶ್ವರಯ್ಯನವರು ಕಟ್ಟಿ ಬೆಳೆಸಿದ ಕಾರ್ಖಾನೆಯಿದು. ಆದುದರಿಂದ ಮುಚ್ಚಬಾರದು’ ಎಂಬುದು ಒಂದು ವಾದ. ಇಲ್ಲಿ ಹೇತು ಸತ್ಯ. ಆದರೆ ಹೇತುವಿಗೂ ಪ್ರತಿಜ್ಞೆಗೂ ನಡುವೆ ಹೇಳದೆ ಬಿಟ್ಟ ಮಾತೊಂದಿದೆ: ಮಹನೀಯರು ಕಟ್ಟಿದ್ದೆಲ್ಲವೂ ಎಂದೆಂದಿಗೂ ನಡೆಯಬೇಕು. ಅದನ್ನು ಬಾಯಿಬಿಟ್ಟು ಹೇಳಿದರೆ ಒಪ್ಪುವವರು ವಿರಳ. ಈ ಹೇತು ಗೌರವವನ್ನು ಸಾಧಿಸುತ್ತದೆ, ಉತ್ಪಾದನೆಯನ್ನಲ್ಲ.

‘ಸ್ವಂತ ಅದಿರಿನ ಗಣಿಯಿಲ್ಲದೆ ನಷ್ಟವಾಯಿತು, ಗಣಿ ಕೊಟ್ಟರೆ ಕಾರ್ಖಾನೆ ಉಳಿಯುತ್ತದೆ’ ಎಂಬುದು ಇನ್ನೊಂದು. ಕಣ್ಣೀರು ತರಿಸುವ ಮಾತಲ್ಲ ಇದು. ಆದರೆ ಪರೀಕ್ಷಿಸಬಹುದು: ನಷ್ಟಕ್ಕೆ ಮುಖ್ಯ ಕಾರಣ ಅದಿರಿನ ಬೆಲೆಯೋ, ಹಳೆಯ ಯಂತ್ರಗಳೋ? ಸುಳ್ಳಾಗುವ ಸಾಧ್ಯತೆಗೆ ತನ್ನನ್ನು ಒಡ್ಡಿಕೊಂಡಿರುವುದೇ ಅದರ ಬಲ.

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯದಲ್ಲಿ ಇದೇ ಧೈರ್ಯವನ್ನು ಕಾಣುತ್ತೇವೆ. ಸತ್ತವರಿಗೆ ಪುನರುತ್ಥಾನವಿಲ್ಲವಾದರೆ ಕ್ರಿಸ್ತನೂ ಎದ್ದಿಲ್ಲ. ಆಗ ತಮ್ಮ ಬೋಧನೆಯೂ ವ್ಯರ್ಥವೆಂದು ಅವರೇ ಒಪ್ಪುತ್ತಾರೆ. ಎಲ್ಲಿ ಹೊಡೆದರೆ ಕಟ್ಟಡ ಬೀಳುವುದೆಂದು ಎದುರಾಳಿಗೆ ತಾವೇ ತೋರಿಸುತ್ತಾರೆ. (ನಮ್ಮ ಪ್ರಬೋಧನೆಗಳಲ್ಲಿ ಎಷ್ಟು ಇಷ್ಟು ಪ್ರಾಮಾಣಿಕ?)

ಕೆಲಸ ಕಳೆದುಕೊಳ್ಳುವವನಿಗೆ ‘ನಿನ್ನ ವಾದ ದುರ್ಬಲ’ ಎನ್ನಬೇಕೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಬೇಡ, ಮೊದಲು ಅವನ ಬಳಿ ಕುಳಿತುಕೊಳ್ಳೋಣ. ಆದರೆ ಮನವಿ ಬರೆದುಕೊಡಿರೆಂದು ಅವನೇ ಕೇಳಿದಾಗ, ಗಣಿಯ ಮಾತನ್ನು ಮೊದಲ ಸಾಲಿನಲ್ಲಿ ಬರೆಯೋಣ.