ಮೂವತ್ತೈದರ ಮೇಷ್ಟ್ರು ಮೈದಾನಕ್ಕಿಳಿದಾಗ!

ವಯಸ್ಸು ಮೂವತ್ತೈದು. ಮನೆಯಲ್ಲಿ ಮೂರು ಮಕ್ಕಳು. ಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರ ಕೆಲಸ. ಭುಜಕ್ಕೂ ಮೊಣಕೈಗೂ ಆಪರೇಷನ್ ಆಗಿ ಬೇಸ್‌ಬಾಲ್ ಬಿಟ್ಟು ಸುಮಾರು ಹತ್ತು ವರ್ಷ! ಇಂಥವನನ್ನು ಹೀರೋ ಮಾಡಿ ದುಡ್ಡು ಸುರಿಯೋ ಪ್ರೊಡ್ಯೂಸರ್ ಇದ್ದಾನೆಯೇ ಅಂತೀರಾ? ಡಿಸ್ನಿ ಕಂಪನಿ ಸುರಿಯಿತು. 2002ರಲ್ಲಿ ತೆರೆಕಂಡ ‘ದಿ ರೂಕಿ’ ಚಿತ್ರಕ್ಕೆ ತಗುಲಿದ ಖರ್ಚು ಸುಮಾರು 2 ಕೋಟಿ 20 ಲಕ್ಷ ಡಾಲರ್. ಅಮೆರಿಕದ ಕಡೆಯಿಂದಲೇ 7 ಕೋಟಿ ಡಾಲರಿಗೂ ಮೀರಿ ಬಾಚಿಕೊಂಡಿತು. ನಿರ್ದೇಶಕ ಜಾನ್ ಲೀ ಹ್ಯಾನ್‌ಕಾಕ್, ನಾಯಕ ಡೆನಿಸ್ ಕ್ವೇಡ್.

ಕಟ್ಟುಕಥೆಯಲ್ಲ ಸ್ವಾಮಿ, ನಡೆದದ್ದು! ಜಿಮ್ ಮಾರಿಸ್ ಎಂಬ ಪಿಚರ್‌ನನ್ನು 1983ರಲ್ಲಿ ಮಿಲ್ವಾಕಿ ಬ್ರೂವರ್ಸ್ ತಂಡ ಆರಿಸಿಕೊಂಡಿತ್ತು. ಪಿಚರ್ ಅಂದ್ರೆ ನಮ್ಮ ಬೌಲರ್ ಇದ್ದ ಹಾಗೆ. ಆದರೆ ಓಡಿಬರೋ ಹಾಗಿಲ್ಲ, ನಿಂತ ದಿಬ್ಬದ ಮೇಲಿಂದಲೇ ಬೀಸಿ ಎಸೀಬೇಕು. ತೋಳು ಕೆಟ್ಟರೆ ಅಲ್ಲಿಗೆ ಮುಗೀತು. ಮಾರಿಸ್‌ಗೆ ಆದದ್ದೂ ಅದೇ. ಕೆಳಗಿನ ಲೀಗುಗಳಲ್ಲೇ ಒದ್ದಾಡಿ, ದೊಡ್ಡ ಲೀಗಿನ ಮೈದಾನ ಮೆಟ್ಟದೆಯೇ ಮನೆ ಸೇರಿದ. ಟೆಕ್ಸಾಸ್‌ನ ಬಿಗ್ ಲೇಕ್ ಅನ್ನೋ ಪುಟ್ಟ ಊರಿನ ಹೈಸ್ಕೂಲಿನಲ್ಲಿ ಪಾಠ ಹೇಳ್ತಾ ಹುಡುಗರಿಗೆ ಕೋಚ್ ಆದ.

1999ರಲ್ಲಿ ಸೋತು ಸುಣ್ಣವಾದ ಆ ಹುಡುಗರಿಗೆ ಮೇಷ್ಟ್ರು ಕನಸು, ಛಲ ಅಂತ ಭಾಷಣ ಬಿಗಿದರು. ಹುಡುಗರು ಬಿಡ್ತಾರೆಯೇ? ನಾವು ಜಿಲ್ಲೆಗೆ ಗೆದ್ದರೆ ನೀವೂ ದೊಡ್ಡ ತಂಡದ ಟ್ರಯಲ್‌ಗೆ ಹೋಗಲೇಬೇಕು ಅಂತ ಮಾತು ತಗೊಂಡರು. ಗೆದ್ದೂ ಬಿಟ್ಟರು! ಮಾತಿಗೆ ಕಟ್ಟುಬಿದ್ದ ಮೇಷ್ಟ್ರು ಮಕ್ಕಳನ್ನೂ ಗಾಡಿಯಲ್ಲಿ ಹೇರಿಕೊಂಡು ಹೋಗಿ ಎಸೆದರೆ... ವೇಗ ಅಳೆಯೋ ಯಂತ್ರ ತೋರಿಸಿದ್ದು ಗಂಟೆಗೆ 98 ಮೈಲಿ! ಅಂದರೆ ಸುಮಾರು 158 ಕಿಲೋಮೀಟರ್. ಒಂದಲ್ಲ, ಸಾಲಾಗಿ ಹನ್ನೆರಡು ಎಸೆತ. ಹರೆಯದಲ್ಲೂ ಆ ಕೈಗೆ ಇಷ್ಟು ವೇಗ ಇರಲಿಲ್ಲ.

ಚಿತ್ರದಲ್ಲಿ ಇದಕ್ಕೂ ಮುಂಚೆ ಒಂದು ದೃಶ್ಯವಿದೆ. ರಾತ್ರಿ, ಖಾಲಿ ರಸ್ತೆ, ವಾಹನದ ವೇಗ ತೋರಿಸೋ ಬೋರ್ಡು. ಗಾಡಿ ನಿಲ್ಲಿಸಿ ಜಿಮ್ ಅದರ ಎದುರಿಗೆ ಚೆಂಡು ಎಸೀತಾನೆ. 76 ಅಂತ ಬರುತ್ತೆ. ಮುಖ ಸಣ್ಣಗೆ ಮಾಡಿಕೊಂಡು ಹೊರಟುಹೋಗ್ತಾನೆ. ಅವನು ಹೋದ ಮೇಲೆ ಆರಿದ್ದ ಬಲ್ಬು ಹತ್ತಿಕೊಂಡು 76 ಹೋಗಿ 96 ಆಗುತ್ತೆ! ನೋಡಿದವರು ನಾವಷ್ಟೇ. ಶಿಳ್ಳೆ ಹೊಡೀಬೇಕಾದ ಜಾಗ ಅಂದ್ರೆ ಇದು.

ಆದರೆ ಈ ಚಿತ್ರದ ಜೀವ ಇರೋದು ಅಪ್ಪನಲ್ಲಿ. ಆ ಪಾತ್ರ ಬ್ರಯಾನ್ ಕಾಕ್ಸ್‌ನದು. ನೌಕಾಪಡೆಯ ಮನುಷ್ಯ, ಊರಿಂದೂರಿಗೆ ವರ್ಗ, ಮಾತು ಬಿಗಿ. ಮಗನ ಆಟ ಅವನ ಲೆಕ್ಕಕ್ಕೇ ಇಲ್ಲ. ದೊಡ್ಡವನಾದ ಮೇಲೆ ಮಗ ಸಲಹೆ ಕೇಳೋಕೆ ಹೋದರೂ ಸಿಗೋದು ತಣ್ಣೀರೇ. ಆ ಸೀನಿನಲ್ಲಿ ಡೆನಿಸ್ ಕ್ವೇಡ್ ಮುಖ ನೋಡಿ... ಮೂವತ್ತೈದರ ಗಂಡಸು ಹತ್ತು ವರ್ಷದ ಹುಡುಗನಾಗಿಬಿಡ್ತಾನೆ.

1999ರ ಸೆಪ್ಟೆಂಬರ್ 18, ಟೆಕ್ಸಾಸ್‌ನ ಆರ್ಲಿಂಗ್ಟನ್ ಮೈದಾನ. ಟ್ಯಾಂಪಾ ಬೇ ಡೆವಿಲ್ ರೇಸ್ ಪರವಾಗಿ ಇಳಿದ ಮಾರಿಸ್, ಟೆಕ್ಸಾಸ್ ರೇಂಜರ್ಸ್‌ನ ರಾಯ್ಸ್ ಕ್ಲೇಟನ್‌ನನ್ನು ನಾಲ್ಕೇ ಎಸೆತಕ್ಕೆ ಕಳಿಸಿದ. ಚಿತ್ರದಲ್ಲಿ ಆಟ ಮುಗಿದ ಮೇಲೆ ಅಪ್ಪ ಬಂದು ನಿಂತಿರ್ತಾನೆ. ಬಾಯಿ ತಡವರಿಸುತ್ತೆ. ಭಾರಿ ಡೈಲಾಗ್ ಇಲ್ಲ. ಮಗ ಆ ದಿನದ ಚೆಂಡನ್ನು ಅಪ್ಪನ ಕೈಗಿಡ್ತಾನೆ. ಮೈದಾನದ ಗೆಲುವಿಗಿಂತ ನನಗೆ ಹಿಡಿಸಿದ ಕ್ಲೈಮ್ಯಾಕ್ಸ್ ಇದು.

ಮುಂದಿನದನ್ನು ಚಿತ್ರ ತೋರಿಸಲ್ಲ. 2000ದ ಮೇ 9ರಂದು ನ್ಯೂಯಾರ್ಕ್‌ನಲ್ಲಿ ಯಾಂಕೀಸ್ ಎದುರು ಮಾರಿಸ್ ಗುರಿ ತಪ್ಪಿ, ಗೆಲುವಿನ ಓಟವನ್ನು ಪುಕ್ಕಟೆ ಬಿಟ್ಟುಕೊಟ್ಟ. ದೊಡ್ಡ ಲೀಗಿನಲ್ಲಿ ಅವನ ಕಡೇ ಆಟ ಅದೇ. ಒಟ್ಟು 21 ಪಂದ್ಯ, 15 ಇನ್ನಿಂಗ್ಸ್, ಅಷ್ಟೇ.

ಅಂದಹಾಗೆ, ಚಿತ್ರದಲ್ಲಿ ಒಂದು ಕಡೆ ಅಂಪೈರ್ ವೇಷದಲ್ಲಿ ನಿಂತಿರೋನು ಅಸಲಿ ಜಿಮ್ ಮಾರಿಸ್! ನೋಡುವಾಗ ಕಣ್ಣಿಟ್ಟಿರಿ.