ಎಂಟು ಕಾರು ನುಂಗಿದ ನೆಲ!

ಅಮೆರಿಕದ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ಪಟ್ಟಣ. 2014ರ ಫೆಬ್ರವರಿ 12, ಬೆಳಗಿನ ಜಾವ. ಅಲ್ಲಿನ ಕಾರ್ವೆಟ್ ಕಾರುಗಳ ಮ್ಯೂಸಿಯಂನ ನೆಲ ಇದ್ದಕ್ಕಿದ್ದಂತೆ ಬಾಯಿ ಬಿಟ್ಟಿತು. ಎಂಟು ದುಬಾರಿ ಕಾರುಗಳು ಸುಮಾರು 30 ಅಡಿ ಆಳದ ಗುಂಡಿಗೆ ದಬದಬನೆ ಬಿದ್ದವು. ಆ ಹೊತ್ತಿಗೆ ಒಳಗೆ ಜನ ಇರಲಿಲ್ಲ ಅನ್ನೋದೇ ಪುಣ್ಯ.

ಇದು ಭೂಕಂಪವಲ್ಲ, ದೆವ್ವದ ಕಾಟವೂ ಅಲ್ಲ. ಆ ಊರು ಕೂತಿರುವುದೇ ಸುಣ್ಣದ ಕಲ್ಲಿನ ಮೇಲೆ. ಇಲ್ಲಿ ಅಂಗಡಿಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲೂ ಇದೇ ಜಾತಿಯದು. ಮಳೆನೀರು ಗಾಳಿ, ಮಣ್ಣುಗಳಿಂದ ಇಂಗಾಲಾಮ್ಲ ಹೀರಿ ತುಸು ಹುಳಿಯಾಗುತ್ತದೆ. ಬಿರುಕಿನಲ್ಲಿ ಇಳಿದು ಸಾವಿರಾರು ವರ್ಷ ಕಲ್ಲನ್ನು ಕರಗಿಸುತ್ತದೆ. ಒಳಗೆ ಗವಿ, ಮೇಲೆ ತಗ್ಗು. ಇಂಥ ನೆಲಕ್ಕೆ ಕಾರ್ಸ್ಟ್ ಅಂತ ಹೆಸರು. ಜಗತ್ತಿನ ಅತಿ ಉದ್ದದ ಗವಿ ಮ್ಯಾಮತ್ ಕೇವ್ ಇರುವುದೂ ಇದೇ ಸೀಮೆಯಲ್ಲಿ. ಈವರೆಗೆ ಅಳೆದದ್ದೇ 680 ಕಿಲೋಮೀಟರಿಗೂ ಹೆಚ್ಚು!

ಗುಂಡಿಗೆ ಕೊಳಚೆ, ಊರಿಗೆ ನಾತ

ಕಾರು ಹೋದರೆ ಹೋಯ್ತು, ನೀರು ಕೆಟ್ಟರೆ? ಸುಣ್ಣದ ಕಲ್ಲಿನ ನೆಲ ನೀರನ್ನು ಸೋಸುವುದಿಲ್ಲ. ಗುಂಡಿಗೆ ಸುರಿದದ್ದು ನೇರ ಒರತೆಗೆ. ಹತ್ತಿರದ ಹಾರ್ಸ್ ಕೇವ್ ಊರಿನವರು ಕೊಳಚೆಯನ್ನೆಲ್ಲ ನೆಲದೊಳಗೆ ಬಿಟ್ಟರು. ಪೇಟೆಯ ಕೆಳಗೇ ಇರುವ ಹಿಡನ್ ರಿವರ್ ಗವಿ ನಾತ ಹೊಡೆದು, 1943ರಲ್ಲಿ ಪ್ರವಾಸಿಗಳಿಗೆ ಬಾಗಿಲು ಹಾಕಿತು. 1989ರಲ್ಲಿ ಹೊಸ ಕೊಳಚೆ ಶುದ್ಧೀಕರಣ ವ್ಯವಸ್ಥೆ ಬಂದ ಮೇಲೆಯೇ ನೀರು ಸುಧಾರಿಸಿದ್ದು. 1990ರ ದಶಕದಲ್ಲಿ ಜನ ಮತ್ತೆ ಗವಿಗೆ ಇಳಿದರು.

ವಿಮಾನದಿಂದ ಅಳತೆ

ಹಿಂದೆ ಗುಂಡಿಗೆ ಬಣ್ಣ ಸುರಿದು, ಅದು ಯಾವ ಒರತೆಯಲ್ಲಿ ಹೊರಬರುತ್ತದೆಂದು ಕಾಯುತ್ತಿದ್ದರು. ಅದು ಈಗಲೂ ಇದೆ. ಜೊತೆಗೆ ಲೈಡಾರ್ ಬಂದಿದೆ. ವಿಮಾನದಿಂದ ಲೇಸರ್ ಬೆಳಕು ಬಿಟ್ಟು, ಅದು ನೆಲಕ್ಕೆ ಬಡಿದು ವಾಪಸಾಗುವ ಹೊತ್ತಿನಿಂದ ಏರುತಗ್ಗು ಲೆಕ್ಕ ಹಾಕುತ್ತಾರೆ. ಗಿಡಮರದ ಮರೆಯನ್ನು ಕಂಪ್ಯೂಟರ್ ತೆಗೆದುಹಾಕಿ, ನೀರು ಹೊರಹೋಗದ ತಗ್ಗುಗಳನ್ನು ಗುರುತಿಸುತ್ತದೆ. ಕೆಂಟಕಿಯ ಭೂವಿಜ್ಞಾನಿಗಳು ಲೂಯಿವಿಲ್ ಬಳಿಯ ಫ್ಲಾಯ್ಡ್ಸ್ ಫೋರ್ಕ್ ಕಣಿವೆಯಲ್ಲಿ ಹೀಗೆ ಹುಡುಕಿದಾಗ, ಹಳೇ ಪಟ್ಟಿಯಲ್ಲಿದ್ದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಗುಂಡಿಗಳು ಸಿಕ್ಕವು.

ಈ ನಕ್ಷೆಯ ಮೇಲೆ ರಸ್ತೆ, ಪೆಟ್ರೋಲ್ ಬಂಕ್, ಬಾವಿ, ಒರತೆ ಎಲ್ಲ ಕೂರಿಸಿ ನೋಡಬಹುದು. ಟ್ಯಾಂಕರ್ ಮಗುಚಿದರೆ ಯಾವ ಒರತೆಯವರಿಗೆ ಮೊದಲು ಸುದ್ದಿ ಮುಟ್ಟಿಸಬೇಕು, ಎಲ್ಲಿ ಕಟ್ಟಡ ಕಟ್ಟಬಾರದು ಅಂತ ಮೊದಲೇ ತಿಳಿಯುತ್ತದೆ.

ಆದರೆ ಲೈಡಾರ್‌ಗೆ ಕಾಣುವುದು ಮೇಲಿನ ತಗ್ಗು ಮಾತ್ರ. ಮ್ಯೂಸಿಯಂ ಕೆಳಗಿನಂಥ ಮುಚ್ಚಿದ ಗವಿಗೆ ಬೇರೆ ಪರೀಕ್ಷೆಯೇ ಬೇಕು. ಇನ್ನು, ಗುಂಡಿ ಕಂಡ ಮೇಲೂ ಅದಕ್ಕೇ ಕಸ ಸುರಿದರೆ ಪಾಪ, ಕಂಪ್ಯೂಟರ್ ತಾನೇ ಏನು ಮಾಡೀತು?