ದಾರದಲ್ಲೂ ಚಿತ್ರ ಬರೆಯಬಹುದು!



ಕಲಾವಿದರು ಅಂದ ಕೂಡಲೇ ನಮಗೆ ನೆನಪಾಗುವುದು ಬಣ್ಣ, ಕುಂಚ, ಡ್ರಾಯಿಂಗ್ ಹಾಳೆ. ಆದರೆ ಸೂಜಿ, ದಾರ, ಹಗ್ಗ ಹಿಡಿದು ಜಗತ್ತಿನಲ್ಲೇ ಹೆಸರಾದ ಕಲಾವಿದರೂ ಇದ್ದಾರೆ. ಅವರಲ್ಲಿ ಒಬ್ಬರು ನಮಗೆ ಹತ್ತಿರದ ಭದ್ರಾವತಿಯಲ್ಲೇ ಹುಟ್ಟಿದವರು! ಅವರ ಹೆಸರು ಶೀಲಾ ಗೌಡ. ಹುಟ್ಟಿದ್ದು 1957ರಲ್ಲಿ. ಭದ್ರಾವತಿಯ ಭದ್ರಾ ನದಿ ಕೂಡಲಿಯಲ್ಲಿ ತುಂಗೆಯನ್ನು ಸೇರಿ ನಮ್ಮ ಹರಿಹರಕ್ಕೆ ಬರುತ್ತದೆ. ಅಂದಮೇಲೆ ಅವರೂ ನಾವೂ ಒಂದೇ ಹೊಳೆಯ ನೀರಿನವರು.

ಅವರು ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ ಮತ್ತು ಲಂಡನ್ನಿನಲ್ಲಿ ಕಲಿತರು. ಮೊದಲು ಬಣ್ಣದ ಚಿತ್ರ ಬರೆಯುತ್ತಿದ್ದರು. 1990ರ ದಶಕದಲ್ಲಿ ನಮ್ಮ ಮನೆಗಳಲ್ಲಿ ದಿನಾ ಕಾಣುವ ಸಗಣಿ, ಕುಂಕುಮ, ದಾರಗಳನ್ನೇ ಹಿಡಿದರು. 1998ರ ಒಂದು ಕೃತಿಯಲ್ಲಿ ಉದ್ದುದ್ದ ದಾರಗಳನ್ನು ಸೂಜಿಗಳಿಗೆ ಪೋಣಿಸಿ, ಎಳೆಗಳನ್ನೆಲ್ಲ ಕೂಡಿಸಿ, ಕುಂಕುಮ ಮತ್ತು ಅಂಟು ಬಳಿದು ಕೆಂಪು ಹಗ್ಗ ಮಾಡಿದರು. ತುದಿಯಲ್ಲಿ ಸೂಜಿಗಳು ಗೊಂಚಲಾಗಿ ಜೋತಾಡುತ್ತವೆ. ಅದರ ಹೆಸರಿನ ಅರ್ಥ ‘ನನ್ನ ನೋವನ್ನು ಅವನಿಗೆ ಹೇಳು’ ಎಂದು. ಸೂಜಿ ಹಿಡಿದ ಹೆಂಗಸರ ಕೆಲಸ, ಅವರು ಬಾಯಿಬಿಟ್ಟು ಹೇಳದ ನೋವು ಎರಡೂ ಅದರಲ್ಲಿವೆ.

ಹೈವೇಯಲ್ಲಿ ಹೋಗುವ ಲಾರಿಗಳಿಗೆ ದೃಷ್ಟಿಯಾಗದಿರಲಿ ಅಂತ ಕಟ್ಟಿದ ಕರೀ ಕೂದಲ ಹಗ್ಗ ನೋಡಿದ್ದೀರಲ್ಲ? 2009ರಲ್ಲಿ ಇಟಲಿಯ ವೆನಿಸ್ ನಗರದ ದೊಡ್ಡ ಕಲಾ ಪ್ರದರ್ಶನದಲ್ಲಿ ಅವರು ಅಂಥದ್ದೇ ಸುಮಾರು 4 ಕಿಲೋಮೀಟರ್ ಹಗ್ಗದಿಂದ ಕಾರಿನ ಬಂಪರ್‌ಗಳನ್ನು ಗೋಡೆಗೆ ತೂಗುಹಾಕಿದರು. ತೆಳ್ಳನೆಯ ಕೂದಲು ಭಾರದ ಉಕ್ಕನ್ನು ಹಿಡಿದು ನಿಂತಿತ್ತು!

ಇಂಥ ಕಲೆ ನಮ್ಮ ದೇಶದಲ್ಲಿ ಮಾತ್ರ ಇಲ್ಲ. ಭೂಪಟದಲ್ಲಿ ದಕ್ಷಿಣ ಅಮೆರಿಕಾದ ಪಶ್ಚಿಮಕ್ಕೆ ಬೆನ್ನೆಲುಬಿನಂತಿರುವ ಆಂಡಿಸ್ ಪರ್ವತ ನೋಡಿ. ಅಲ್ಲಿನ ಇಂಕಾ ಜನ ಹಿಂದೆ ದಾರಕ್ಕೆ ಗಂಟು ಹಾಕಿ ಲೆಕ್ಕ ಇಡುತ್ತಿದ್ದರು. ಅದಕ್ಕೆ ‘ಕೀಪು’ ಎನ್ನುತ್ತಾರೆ. ಕೊಲಂಬಿಯಾದಲ್ಲಿ 1932ರಲ್ಲಿ ಹುಟ್ಟಿದ ಓಲ್ಗಾ ದೆ ಅಮರಾಲ್ ಎಂಬ ಕಲಾವಿದೆ ಆ ಬೆಟ್ಟಗಳಿಂದಲೂ ಅಲ್ಲಿನ ಮೂಲನಿವಾಸಿಗಳ ನೇಯ್ಗೆಯಿಂದಲೂ ಸ್ಫೂರ್ತಿ ಪಡೆದು, ಉಣ್ಣೆ, ಕುದುರೆ ಕೂದಲು, ಚಿನ್ನದ ರೇಕು ಸೇರಿಸಿ ಗೋಡೆಯಂಥ ದೊಡ್ಡ ಕೃತಿಗಳನ್ನು ಮಾಡಿದ್ದಾರೆ.

ಇನ್ನು ನಮ್ಮೂರಿಗೆ ಬರೋಣ. ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ದಾವಣಗೆರೆಯಲ್ಲಿ ಆ ಹಳೇ ಗಿರಣಿಗಳು ಮುಚ್ಚಿಹೋದವು. ನಮ್ಮ ಮನೆಗಳಲ್ಲಿ ಕೌದಿ ಹೊಲಿಯುವುದೂ ನಿಲ್ಲುತ್ತಾ ಬಂದಿದೆ. ಮೊನ್ನೆ ಹಳೇ ಬಟ್ಟೆಗೆ ಪಾತ್ರೆ ಕೊಡುವವನು ಬಂದಾಗ ನಮ್ಮವ್ವ ಅಜ್ಜಿಯ ಕೌದಿ ಕೊಟ್ಟು ಸ್ಟೀಲ್ ಡಬ್ಬಿ ತಗೊಳ್ಳೋಕೆ ಹೊರಟಿದ್ದಳು. ‘ಬ್ಯಾಡವ್ವಾ’ ಅಂತ ನಾನು ಕಿತ್ತುಕೊಂಡೆ. ಅದರಲ್ಲಿ ತಾತನ ಪಂಚೆ ಇದೆ, ಅತ್ತೆಯ ಮದುವೆ ಸೀರೆ ಇದೆ, ನನ್ನ ತೊಟ್ಟಿಲಿನ ಬಟ್ಟೆಯೂ ಇದೆ. ಅಜ್ಜಿಗೆ ಈಗ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣಿಸುವುದಿಲ್ಲ. ಅಂಥದ್ದು ಇನ್ನೊಂದು ಹೊಲಿಯೋರು ನಮ್ಮ ಮನೇಲಿ ಯಾರೂ ಇಲ್ಲ. ಈಗ ಸಂಜೆ ಹೊತ್ತು ನಾನು ದಾರ ಪೋಣಿಸಿಕೊಡುತ್ತೇನೆ, ಅಜ್ಜಿ ಹೇಳಿಕೊಡುತ್ತಾಳೆ.

ಚಿತ್ರದ ಮೂಲೆಯಲ್ಲಿ ಬರೆದವರ ಹೆಸರಿರುತ್ತದೆ. ಕೌದಿಯ ಮೇಲೆ ಯಾರ ಹೆಸರೂ ಇರುವುದಿಲ್ಲ. ಆದ್ದರಿಂದ ಗೆಳೆಯರೇ, ನಿಮ್ಮ ಮನೆಯ ಕೌದಿ ಹೊಲಿದವರು ಯಾರು ಅಂತ ಕೇಳಿಕೊಂಡು ಬನ್ನಿ. ಮುಂದಿನ ಸಂಚಿಕೆಯಲ್ಲಿ ಆ ಹೆಸರುಗಳನ್ನೆಲ್ಲ ಇದೇ ಗೋಡೆಯ ಮೇಲೆ ಬರೆಯೋಣ.

– 9ನೇ ತರಗತಿಯ ವಿದ್ಯಾರ್ಥಿನಿ